ಒಂದು ಬೋಲ್ಟು, 22 ನಿಮಿಷ ಮತ್ತು ನನ್ನ ಪಿಎಚ್‌ಡಿ

ನನ್ನ ಪಿಎಚ್‌ಡಿಯ ಮೊದಲ ಒಂದೂವರೆ ವರ್ಷ ಒಂದು ಪ್ರಶ್ನಾವಳಿಗೇ ಹೋಯಿತು. ಒಟ್ಟು 62 ಪ್ರಶ್ನೆ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಎಲ್ಲಾದರೂ ಟಿಕ್ ಹಾಕಬೇಕು. 'ನಮ್ಮಲ್ಲಿ ಉತ್ಪಾದನೆಯ ಯೋಜನೆ ವ್ಯವಸ್ಥಿತವಾಗಿದೆ' ಅಂತ ಒಂದು ಸಾಲು ಇರುತ್ತೆ, ಅದಕ್ಕೆ ನೀವು ಎಷ್ಟು ಒಪ್ಪುತ್ತೀರಿ ಅಂತ ಹೇಳಬೇಕು. ಸಣ್ಣ ಕೈಗಾರಿಕೆಗಳನ್ನು ಹೇಗೆ ನಡೆಸುತ್ತಾರೆ ಅನ್ನೋದು ನನ್ನ ವಿಷಯ. ನಾನು ತುಮಕೂರಿನಲ್ಲಿ ಎಂಬಿಎ ಮಕ್ಕಳಿಗೆ ಆಪರೇಷನ್ಸ್ ಪಾಠ ಮಾಡುತ್ತೇನೆ. 11 ವರ್ಷ ಆಯಿತು. ಅಷ್ಟು ವರ್ಷದಲ್ಲಿ ನಾನು ಕಾರ್ಖಾನೆಯ ಒಳಗೆ ಕಾಲಿಟ್ಟಿದ್ದು ಮಕ್ಕಳನ್ನು ಇಂಡಸ್ಟ್ರಿಯಲ್ ವಿಸಿಟ್ ಕರೆದುಕೊಂಡು ಹೋದಾಗ ಮಾತ್ರ. ಹಳದಿ ಗೆರೆ ದಾಟಬೇಡಿ ಅನ್ನುತ್ತಾರೆ, ಪಿಪಿಟಿ ತೋರಿಸುತ್ತಾರೆ, ಬಿಸ್ಕತ್ತು ಕಾಫಿ ಕೊಡುತ್ತಾರೆ, ಬಸ್ ಹತ್ತಿ ವಾಪಸ್.

ಪೀಣ್ಯದಲ್ಲಿ 220 ಯೂನಿಟ್‌ಗಳಿಗೆ ಫಾರಂ ಹಂಚಿದೆ. ತುಮಕೂರಿನಿಂದ ಬಂದು ಎಂಟನೇ ಮೈಲಿಯಲ್ಲಿ ಇಳಿಯೋದು, ಬಿಸಿಲಲ್ಲಿ ಗೇಟಿಂದ ಗೇಟಿಗೆ ಅಲೆಯೋದು. ವಾಚ್‌ಮನ್ ನನ್ನನ್ನು ಇನ್ಶೂರೆನ್ಸ್‌ನವಳು ಅಂತ ತಿಳಿದು ಎಷ್ಟೋ ಕಡೆ ಹೊರಗೇ ನಿಲ್ಲಿಸಿದ. 94 ಫಾರಂ ವಾಪಸ್ ಬಂದವು. ಲೆಕ್ಕ ಹಾಕಿದರೆ ಕ್ರೋನ್‌ಬ್ಯಾಕ್ ಆಲ್ಫಾ 0.91. ಗೊತ್ತಿಲ್ಲದವರಿಗೆ ಹೇಳುವುದಾದರೆ, ಉತ್ತರಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವಾ ಅಂತ ನೋಡುವ ಅಳತೆ ಅದು. 0.7 ದಾಟಿದರೆ ಸಾಕು ಅನ್ನುತ್ತಾರೆ. ನನಗೆ ಹಬ್ಬ.

ಆಮೇಲೆ ಒಂದು ದಿನ, ಉಳಿದ ಫಾರಂ ತರೋಣ ಅಂತ ಒಂದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ವರ್ಕ್‌ಶಾಪಿಗೆ ಹೋದೆ. ಆಫೀಸಿನಲ್ಲಿ ಅಕೌಂಟೆಂಟ್ ಕೂತಿದ್ದರು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಜಿಎಸ್‌ಟಿ ವಿಷಯ ಮಾತಾಡುತ್ತಲೇ, ನನ್ನ ಫಾರಂ ತುಂಬುತ್ತಿದ್ದರು. 4, 4, 4, 4. ಪೆನ್ನು ಎತ್ತುತ್ತಲೇ ಇರಲಿಲ್ಲ, ಸುಮ್ನೆ ಕೆಳಗೆ ಜಾರುತ್ತಿತ್ತು.

ಫೋನ್ ಇಟ್ಟ ಮೇಲೆ ಕೇಳಿದೆ, ಸಾರ್ ಎಲ್ಲಕ್ಕೂ 4 ಯಾಕೆ ಅಂತ.

"5 ಹಾಕಿದ್ರೆ ನೀವು ಸುಳ್ಳು ಅಂತೀರ. 3 ಹಾಕಿದ್ರೆ ಯಜಮಾನ್ರು ಬೈತಾರೆ ಮೇಡಂ."

ಅವತ್ತು ರಾತ್ರಿ ಮನೆಯಲ್ಲಿ ಆ 94 ಫಾರಂಗಳನ್ನು ನೆಲದ ಮೇಲೆ ಹರಡಿ ನೋಡಿದೆ. 41ರಲ್ಲಿ ಹೆಚ್ಚು ಕಡಿಮೆ ಒಂದೇ ಅಂಕಿ. ಒಬ್ಬರದು ಎಲ್ಲ 4, ಇನ್ನೊಬ್ಬರದು ಎಲ್ಲ 3. ಹಾಗೆ ತುಂಬಿದರೆ ಉತ್ತರಗಳು ಒಂದಕ್ಕೊಂದು ಹೊಂದಿಕೊಳ್ಳದೆ ಇನ್ನೇನು ಮಾಡುತ್ತವೆ? ನಾನು ಹೆಮ್ಮೆಪಟ್ಟ 0.91 ಅಂದರೆ ಅಕೌಂಟೆಂಟ್‌ಗಳ ಬೇಸರದ ಅಳತೆ.

ಅದೇ ವರ್ಕ್‌ಶಾಪಿನ ಯಜಮಾನರು ಅವತ್ತು ಹೊರಡುವ ಮುಂಚೆ ಒಂದು ಮಾತು ಹೇಳಿದ್ದರು. 26 ಜನ ಕೆಲಸಗಾರರು, 7 ಸಿಎನ್‌ಸಿ ಲೇತ್, 2 ವಿಎಂಸಿ (ಮೇಲಿಂದ ಕೊರೆಯುವ ಸಿಎನ್‌ಸಿ ಮಷಿನ್) ಇರುವ ಯೂನಿಟ್ಟು. ಅಣ್ಣ ತಮ್ಮ ಸೇರಿ ನಡೆಸುತ್ತಾರೆ. ಅಣ್ಣ ಕಸ್ಟಮರ್, ಬ್ಯಾಂಕು ನೋಡಿಕೊಂಡರೆ ತಮ್ಮ ಸ್ಟೋರ್ಸು, ಆಳುಕಾಳು. "ಫಾರಂ ಇರ್ಲಿ ಮೇಡಂ. ನಿಮ್ಮ ಸಬ್ಜೆಕ್ಟೇ ಅದು ಅಲ್ವಾ? ನಮ್ಮ ಡಿಸ್ಪ್ಯಾಚ್ ಯಾಕೆ ಯಾವಾಗ್ಲೂ ಲೇಟಾಗುತ್ತೆ, ಅದನ್ನ ಹೇಳಿ ನೋಡೋಣ."

ನನ್ನ ಹತ್ತಿರ ಉತ್ತರ ಇರಲಿಲ್ಲ. ನಕ್ಕು, ಬಂದು ನೋಡುತ್ತೇನೆ ಸಾರ್ ಅಂದೆ. ಅವರು ಅದನ್ನು ನಿಜ ಅಂದುಕೊಂಡರು, ಸೋಮವಾರ ಬನ್ನಿ ಅಂದರು.

ಗೈಡ್ ಹತ್ತಿರ ಹೋಗಿ, ಸರ್ವೆ ಬಿಡುತ್ತೇನೆ, ಒಂದೇ ಯೂನಿಟ್ಟಿನಲ್ಲಿ ಕೂತು ಅವರ ಜೊತೆ ಕೆಲಸ ಮಾಡಿ ಬರೆಯುತ್ತೇನೆ ಅಂದಾಗ ಅವರ ಮುಖ ನೋಡಬೇಕಿತ್ತು. "ಸ್ಯಾಂಪಲ್ ಸೈಜ್ ಒಂದಾಮ್ಮಾ?" ಆಕ್ಷನ್ ರಿಸರ್ಚ್ ಅನ್ನೋದು ಪುಸ್ತಕದಲ್ಲಿರುವ ಪದ್ಧತಿಯೇ, ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಆದರೆ ಅದನ್ನು ಮಾಡಿದರೆ ಪೇಪರ್ ಸ್ವೀಕಾರ ಆಗೋದು ಕಷ್ಟ, ಪೇಪರ್ ಇಲ್ಲದಿದ್ದರೆ ಪ್ರಮೋಷನ್ ಕಷ್ಟ. ಗೈಡ್ ಕೆಟ್ಟವರಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದರು. ಎರಡು ತಿಂಗಳು ಹಗ್ಗಜಗ್ಗಾಟ ಆದ ಮೇಲೆ, ಆಗಲಿ, ಆದರೆ ಪ್ರತಿದಿನ ಡೈರಿ ಬರೆಯಬೇಕು, ಯಾವ ಅಂಕಿಯನ್ನೂ ನೆನಪಿನಿಂದ ಬರೆಯಬಾರದು ಅಂದರು. ಆ ಒಂದು ಷರತ್ತು ನನ್ನನ್ನು ಉಳಿಸಿತು.

ಮೊದಲ ವಾರ ನಾನು ಮಾಡಿದ ದಡ್ಡತನವನ್ನೂ ಹೇಳಿಬಿಡುತ್ತೇನೆ. 34 ಸ್ಲೈಡಿನ ಪಿಪಿಟಿ ಮಾಡಿಕೊಂಡು ಹೋದೆ. ಮುಡಾ ಅಂದರೆ ವ್ಯರ್ಥ, ಕೈಜೆನ್ ಅಂದರೆ ಸ್ವಲ್ಪ ಸ್ವಲ್ಪವೇ ಸುಧಾರಣೆ, ಫೈವ್ ಎಸ್ ಅಂದರೆ ಎಲ್ಲವನ್ನೂ ಅದರದರ ಜಾಗದಲ್ಲಿ ಚೊಕ್ಕವಾಗಿ ಇಡುವುದು, ಹೀಗೆ ಜಪಾನಿ ಪದಗಳ ಮೆರವಣಿಗೆ. ಊಟದ ಹೊತ್ತಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ತೋರಿಸಿದೆ. ಮುಡಾ ಅಂದಾಗ ಹಿಂದೆ ಯಾರೋ ಕಿಸಕ್ಕನೆ ನಕ್ಕರು, ಮೈಸೂರಿನ ಸೈಟಿನ ವಿಷಯ ಅಂದುಕೊಂಡಿರಬೇಕು. ಯಜಮಾನರ ತಮ್ಮ ತೂಕಡಿಸಿದರು. ಕೊನೆಗೆ ಸೆಟ್ಟರ್ ಒಬ್ಬರು ಕೈಯೆತ್ತಿದರು. ಗದಗದ ಕಡೆಯವರು, ಐವತ್ತರ ಹತ್ತಿರ ವಯಸ್ಸು, ಎಲ್ಲರೂ 'ಕಾಕಾ' ಅಂತಲೇ ಕರೆಯುವುದು. "ಎಲ್ಲಾ ಛಲೋ ಐತ್ರಿ ಮೇಡಂ. ಇದ್ರಾಗ ನಮ್ಮ ಮಷಿನ್ ಎಲ್ಲೈತ್ರಿ?"

ಮಾರನೇ ದಿನದಿಂದ ಲ್ಯಾಪ್‌ಟಾಪ್ ಒಯ್ಯಲಿಲ್ಲ. ಒಂದು ನೋಟ್‌ಬುಕ್ಕು, ಒಂದು ಸ್ಟಾಪ್‌ವಾಚು. ಕಾಕಾ ಹಿಂದೆ ಸುಮ್ನೆ ಓಡಾಡುವುದು.

ಅವರ ಕೆಲಸ ಸೆಟ್ಟಿಂಗ್. ಒಂದು ಜಾಬ್ ಮುಗಿದ ಮೇಲೆ ಮಷಿನನ್ನು ಮುಂದಿನ ಜಾಬಿಗೆ ತಯಾರು ಮಾಡುವುದು. ಚಕ್ಕಿನಿಂದ (ಪೀಸನ್ನು ಹಿಡಿದು ತಿರುಗಿಸುವ ಭಾಗ) ಹಳೇ ಜಾ, ಅಂದರೆ ಪೀಸನ್ನು ಕಚ್ಚಿ ಹಿಡಿಯುವ ದವಡೆ, ಬಿಚ್ಚಬೇಕು, ಹೊಸ ಸಾಫ್ಟ್ ಜಾ ಕಟ್ಟಿ ಅಳತೆಗೆ ಬೋರ್ ಮಾಡಬೇಕು, ಟೂಲ್ ಬದಲಾಯಿಸಬೇಕು, ಆಫ್‌ಸೆಟ್ (ಮಷಿನಿಗೆ ಕೊಡುವ ಟೂಲಿನ ಅಳತೆ) ತೆಗೆಯಬೇಕು, ಮೊದಲ ಪೀಸ್ ತೆಗೆದು ಕ್ಯೂಸಿಗೆ, ಅಂದರೆ ಗುಣಮಟ್ಟ ಪರೀಕ್ಷೆಗೆ, ಕೊಡಬೇಕು. ಕ್ಯೂಸಿ ಓಕೆ ಅಂದ ಮೇಲೆ ಲಾಟ್, ಅಂದರೆ ಒಂದೇ ಸೆಟ್ಟಿಂಗಿನಲ್ಲಿ ತೆಗೆಯುವ ಪೀಸ್‌ಗಳ ಕಂತು, ಶುರು. ಇದಕ್ಕೆ ಎಷ್ಟು ಹೊತ್ತು ಬೇಕು ಅಂತ ಯಜಮಾನರನ್ನು ಕೇಳಿದ್ದೆ. "ಒಂದು ಗಂಟೆ, ಜಾಸ್ತಿ ಅಂದ್ರೆ ಒಂದೂಕಾಲು."

ನಾನು ಅಳೆದ ಮೊದಲ ಸೆಟ್ಟಿಂಗ್ 160 ನಿಮಿಷ.

ಆ ದಿನ ನಡೆದದ್ದು ಹೀಗೆ. ಮೂರು ಜಾ, ಒಂದೊಂದಕ್ಕೆ ಎರಡು ಅಲೆನ್ ಬೋಲ್ಟು, ಒಟ್ಟು ಆರು. ಕಾಕಾ ಐದು ಬೋಲ್ಟ್ ಹಾಕಿದರು. ಆರನೆಯದು ಇಲ್ಲ. ಟೂಲ್‌ಬಾಕ್ಸ್ ಕೆಳಗೆ ಸುರಿದರು. ಇಲ್ಲ. ಚಿಪ್ಸ್ ಟ್ರೇಯಲ್ಲಿ ಕೈಯಾಡಿಸಿದರು. ಇಲ್ಲ. ಗ್ರೈಂಡಿಂಗ್ ರೂಮಿಗೆ ಹೋದರು, ಅಲ್ಲಿ ಯಾರ ಜೊತೆಗೋ ಊರಿನ ಮಳೆ ಬಗ್ಗೆ ಎರಡು ಮಾತು, ವಾಪಸ್ ಬಂದರು. ಹಳೇ ಫಿಕ್ಸ್ಚರ್ ರಾಶಿ ಹಾಕಿದ ಮೂಲೆಯಲ್ಲಿ ಮೊಣಕಾಲೂರಿ ಮೊಬೈಲ್ ಟಾರ್ಚ್ ಹಿಡಿದು ನೋಡಿದರು. ನಾನೂ ಜೊತೆಗೆ ಬಗ್ಗಿ ಹುಡುಕಿದೆ, ಸೀರೆಗೆ ಕೂಲೆಂಟ್ ಮೆತ್ತಿಕೊಂಡಿತು. ಕೊನೆಗೆ ಕಾಕಾ ಸುತ್ತಲೂ ಒಮ್ಮೆ ನೋಡಿ, ಪಕ್ಕದ ಮಷಿನ್ ಮೇಲಿಟ್ಟಿದ್ದ ಜಾದಿಂದ ಒಂದು ಬೋಲ್ಟ್ ಬಿಚ್ಚಿಕೊಂಡು ಬಂದರು.

"ನಾಳೆ ಆ ಮಷಿನ್ ಸೆಟ್ ಮಾಡುವಾಗ?" ಅಂದೆ.

"ನಾಳೀದು ನಾಳಿ ನೋಡೂಣ್ರಿ."

22 ನಿಮಿಷ.

ಬಸ್ಸಿನಲ್ಲಿ ಮನೆಗೆ ಹೋಗುವಾಗ ನೆನಪಾಯಿತು. ಶಿಗಿಯೊ ಶಿಂಗೊ ಅಂತ ಜಪಾನಿನ ಒಬ್ಬ ಇಂಜಿನಿಯರ್ ಇದ್ದರು. ಸೆಟ್ಟಿಂಗ್ ಸಮಯವನ್ನು ಹತ್ತು ನಿಮಿಷದ ಒಳಗೆ ತರುವ ಪದ್ಧತಿ ಅವರದು. ಮಷಿನ್ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಮಷಿನ್ ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸ ಯಾವುದು, ಮೊದಲು ಇವೆರಡನ್ನೂ ಬೇರೆ ಮಾಡಿ ಅನ್ನುವುದು ಅದರ ತಿರುಳು. ಇದನ್ನು ನಾನು ಹತ್ತು ವರ್ಷದಿಂದ ಇಂಟರ್ನಲ್, ಎಕ್ಸ್‌ಟರ್ನಲ್ ಅಂತ ಬೋರ್ಡಿನ ಮೇಲೆ ಎರಡು ಕಾಲಂ ಎಳೆದು ಪಾಠ ಮಾಡಿದ್ದೇನೆ. ಎಂಟು ಮಾರ್ಕಿನ ಪ್ರಶ್ನೆ. ಆದರೆ ಶಿಂಗೊಗೆ ಈ ಯೋಚನೆ ಬಂದದ್ದು ಹೇಗೆ ಅಂತ ಒಂದು ಸಲವೂ ಹೇಳಿರಲಿಲ್ಲ. 1950ರಲ್ಲಿ ಹಿರೋಶಿಮಾದ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮಷಿನಿನ ಡೈ ಬದಲಾಯಿಸುವುದನ್ನು ಅವರು ನೋಡುತ್ತಾ ನಿಂತಿದ್ದಾಗ, ಕೆಲಸಗಾರನಿಗೆ ಒಂದು ಬೋಲ್ಟ್ ಸಿಗಲಿಲ್ಲ. ಆತ ಒಂದು ಗಂಟೆಗೂ ಜಾಸ್ತಿ ಹುಡುಕಾಡಿ, ಕೊನೆಗೆ ಪಕ್ಕದ ಮಷಿನಿನ ಬೋಲ್ಟನ್ನು ತಂದು ಅಳತೆಗೆ ಕತ್ತರಿಸಿ ಹಾಕಿದ. ಆ ಮಷಿನಿಗೆ ಬೇಕಾದಾಗ ಏನು ಮಾಡುತ್ತೀಯ ಅಂತ ಶಿಂಗೊ ಕೇಳಿದರಂತೆ.

ಬೋಲ್ಟಿನಿಂದ ಹುಟ್ಟಿದ ಪಾಠದಿಂದ ಬೋಲ್ಟನ್ನೇ ತೆಗೆದು ನಾವು ಮಕ್ಕಳಿಗೆ ಬರೀ ಕಾಲಂ ಕೊಡುತ್ತಿದ್ದೇವೆ ಅಂತ ದಾಬಸ್‌ಪೇಟೆ ದಾಟುವಾಗ ಅನಿಸಿತು. ನಾಚಿಕೆ ಆಯಿತು.

ಆ 160 ನಿಮಿಷವನ್ನು ಬಿಡಿಸಿ ಬರೆದೆ. ಬೋಲ್ಟ್ ಹುಡುಕಿದ್ದು 22. ಸರಿಯಾದ ಜಾ ಹುಡುಕಿದ್ದು 18. ಇನ್ಸರ್ಟ್‌ಗೆ (ಟೂಲಿನ ತುದಿಗೆ ಹಾಕುವ, ಲೋಹ ಕತ್ತರಿಸುವ ಬಿಲ್ಲೆ) ಕಾದದ್ದು 31, ಯಾಕೆಂದರೆ ಸ್ಟೋರ್ಸ್ ಕೀಲಿ ಯಜಮಾನರ ತಮ್ಮನ ಜೇಬಿನಲ್ಲಿ, ಅವರು ಊಟಕ್ಕೆ ಮನೆಗೆ. ಕ್ಯೂಸಿಯಲ್ಲಿ 42, ಅದರಲ್ಲಿ ನಿಜವಾಗಿ ಅಳೆದದ್ದು 8, ಉಳಿದದ್ದು ಸರದಿಗೆ ಕಾದದ್ದು. ಕಾಕಾ ಕೈ ನಿಜವಾಗಿ ಕೆಲಸ ಮಾಡಿದ್ದು 47 ನಿಮಿಷ. 47ಕ್ಕೆ ಆ 8 ಸೇರಿಸಿದರೆ 55. ಯಜಮಾನರು ಒಂದು ಗಂಟೆ ಅಂದದ್ದು ಸುಳ್ಳಲ್ಲ. ಅವರ ತಲೆಯಲ್ಲಿ ಇದ್ದದ್ದು ಈ 55.

ಡಿಸ್ಪ್ಯಾಚ್ ಲೇಟಿಗೂ ಇದಕ್ಕೂ ಏನು ಸಂಬಂಧ ಅಂತ ಯಜಮಾನರಿಗೆ ತೋರಿಸಬೇಕಿತ್ತು. ಸೆಟ್ಟಿಂಗ್ ಅಷ್ಟು ಹೊತ್ತು ಹಿಡಿಯುತ್ತೆ ಅಂತ ಒಮ್ಮೆ ಮಷಿನ್ ಕಟ್ಟಿದರೆ 2,000 ಪೀಸ್ ಹೊಡೆದೇ ಇಳಿಸುತ್ತಿದ್ದರು. ಕಸ್ಟಮರ್ ಕೇಳಿದ್ದು 400. ಉಳಿದದ್ದು ಕ್ರೇಟಿನಲ್ಲಿ. ಅಷ್ಟು ಹೊತ್ತಿಗೆ ಅರ್ಜೆಂಟ್ ಜಾಬ್ ಇನ್ನೊಂದು ಹೊರಗೆ ಕಾಯುತ್ತಿರುತ್ತೆ.

ಒಂದು ಶನಿವಾರ ಸಂಜೆ ನಾನು, ಕಾಕಾ, ಇಬ್ಬರು ಹುಡುಗರು ಸೇರಿ ಒಂದೇ ಜಾತಿಯ ಪಾರ್ಟ್‌ಗಳು ಫ್ಲೋರಿನ ಮೇಲೆ ಎಷ್ಟಿವೆ ಅಂತ ಎಣಿಸಿದೆವು. ಕ್ರೇಟ್ ತೂಕ ಹಾಕುವುದು, ಸೀಮೆಸುಣ್ಣದಲ್ಲಿ ಅಂಕಿ ಬರೆಯುವುದು. ಮಷಿನ್ ಹಿಂದೆ, ಮೆಟ್ಟಿಲ ಕೆಳಗೆ, ದೇವರ ಫೋಟೋ ಕೆಳಗೆ ಕೂಡ. 6,300 ಪೀಸ್. ದಿನಕ್ಕೆ ಹೊರಗೆ ಹೋಗುತ್ತಿದ್ದದ್ದು ಸರಾಸರಿ 350.

ಲಿಟಲ್ಸ್ ಲಾ ಅಂತ ಒಂದಿದೆ. ಜಾನ್ ಲಿಟಲ್ 1961ರಲ್ಲಿ ಗಣಿತದಲ್ಲಿ ಸಾಬೀತು ಮಾಡಿದ್ದು. ಯಜಮಾನರಿಗೆ ಆ ಹೆಸರು ಹೇಳಲಿಲ್ಲ. "ಸಾರ್, ದರ್ಶಿನಿಯಲ್ಲಿ ದೋಸೆಗೆ 30 ಜನ ನಿಂತಿದ್ದಾರೆ, ನಿಮಿಷಕ್ಕೆ ಆರು ದೋಸೆ ಬರುತ್ತೆ. ಕೊನೆಯವನಿಗೆ ಎಷ್ಟು ಹೊತ್ತು?" ಐದು ನಿಮಿಷ ಅಂದರು ತಟ್ಟನೆ. "ಇಲ್ಲಿ 6,300 ಪೀಸ್ ನಿಂತಿವೆ, ದಿನಕ್ಕೆ 350 ಹೋಗುತ್ತೆ." ಅವರು ಕ್ಯಾಲ್ಕುಲೇಟರ್ ಒತ್ತಿದರು. 18 ದಿನ. ಒಂದು ಪೀಸಿನ ಮೇಲೆ ಎಲ್ಲ ಮಷಿನ್ ಸೇರಿ ಕೆಲಸ ಆಗುವುದು 9 ನಿಮಿಷ. ಅದಕ್ಕೆ 18 ದಿನ.

ಆದರೂ ಅವರ ಮುಖದಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ದಿನದ ಲೆಕ್ಕ ಅವರಿಗೆ ತಾಗಲಿಲ್ಲ. ಆಮೇಲೆ ಅಕೌಂಟೆಂಟ್ (ಅದೇ 4ರವರು) ಪಕ್ಕದಲ್ಲಿ ಕೂತು ಒಂದು ಪ್ರಶ್ನೆ ಹಾಕಿದರು: ಒಂದು ಪೀಸಿಗೆ ಇಲ್ಲಿಯವರೆಗೆ ಬಿದ್ದ ಖರ್ಚು ಎಷ್ಟು? ಸುಮಾರು 140 ರೂಪಾಯಿ. 6,300 ಪೀಸಿಗೆ 8 ಲಕ್ಷದ 82 ಸಾವಿರ. ಅದು ಸಿಸಿ (ಕ್ಯಾಶ್ ಕ್ರೆಡಿಟ್) ಅಕೌಂಟಿನ ದುಡ್ಡು, ಬ್ಯಾಂಕಿನ ಸಾಲ, 12 ಪರ್ಸೆಂಟ್ ಬಡ್ಡಿ. ತಿಂಗಳಿಗೆ 8,820 ರೂಪಾಯಿ, ಬರೀ ಮೆಟ್ಟಿಲ ಕೆಳಗೆ ಮಾಲು ಮಲಗಿದ್ದಕ್ಕೆ. ಆಗ ಯಜಮಾನರು ಕುರ್ಚಿ ಮುಂದೆ ಎಳೆದುಕೊಂಡರು. ಕಸ್ಟಮರ್ 90 ದಿನಕ್ಕೆ ದುಡ್ಡು ಕೊಡುವ ಮನುಷ್ಯರಿಗೆ ಬಡ್ಡಿಯ ಭಾಷೆ ಬೇಗ ಅರ್ಥ ಆಗುತ್ತೆ. ನನಗೆ ಅದು ಹೊಳೆದಿರಲಿಲ್ಲ, ಅಕೌಂಟೆಂಟ್‌ಗೆ ಹೊಳೆಯಿತು.

ಲಾಟ್ 2,000ದಿಂದ 600ಕ್ಕೆ ಇಳಿಸೋಣ ಅಂದೆ. ಇಳಿಸಿದರೆ ಸೆಟ್ಟಿಂಗ್ ಜಾಸ್ತಿ ಆಗಲ್ವಾ ಅಂದರು. ಸರಿಯಾದ ಪ್ರಶ್ನೆ. ಒಂದು ಮಷಿನಿನಲ್ಲಿ ಪೀಸಿಗೆ 2 ನಿಮಿಷದ ಲೆಕ್ಕದಲ್ಲಿ 2,000 ಪೀಸಿಗೆ 4,000 ನಿಮಿಷ, ಸೆಟ್ಟಿಂಗ್ 160, ಅಂದರೆ ನೂರಕ್ಕೆ 4. 600 ಪೀಸಿಗೆ 1,200 ನಿಮಿಷ, ಸೆಟ್ಟಿಂಗ್ 55, ನೂರಕ್ಕೆ 4.6. ಹೆಚ್ಚು ಕಡಿಮೆ ಸಮ. ಆದರೆ 55 ಬರಬೇಕು. 160ರಲ್ಲೇ ಇದ್ದು ಲಾಟ್ ಇಳಿಸಿದರೆ ಮುಳುಗಿದಂತೆ. ಈ ತುದಿ ಬಿಟ್ಟು ಆ ತುದಿ ಮಾತ್ರ ಹಿಡಿದು ಸೋತ ಯೂನಿಟ್‌ಗಳನ್ನು ಆಮೇಲೆ ನಾನು ಪೀಣ್ಯದಲ್ಲೇ ನೋಡಿದ್ದೇನೆ.

ಸ್ಕ್ರಾಪ್ ಆ್ಯಂಗಲ್‌ನಿಂದ ಒಂದು ಟ್ರಾಲಿ ಮಾಡಿಸಿದೆವು. ನಾಳೆಯ ಜಾಬಿಗೆ ಬೇಕಾದ ಜಾ, ಬೋಲ್ಟು, ಇನ್ಸರ್ಟು, ಗೇಜು, ಡ್ರಾಯಿಂಗು, ಎಲ್ಲ ಇವತ್ತು ಸಂಜೆಯೇ ಅದರಲ್ಲಿ ಇರಬೇಕು. ಇದನ್ನು ಹುಡುಗರಿಗೆ ನಾನು ಫೈವ್ ಎಸ್ ಅಂತ ವಿವರಿಸಲು ಹೊರಟಿದ್ದೆ. ಕಾಕಾ ತಡೆದರು. "ಆಯುಧ ಪೂಜಾ ಹಿಂದಿನ ದಿನ ಹೆಂಗ್ ಇಡ್ತೀರಿ, ಹಂಗ್ ದಿನಾ ಇಡ್ರಿ ಅಂತ ಹೇಳ್ರಿ ಮೇಡಂ, ಸಾಕು." ನಿಜ ಅಲ್ವಾ? ವರ್ಷದಲ್ಲಿ ಒಂದು ದಿನ ಇಡೀ ಪೀಣ್ಯದಲ್ಲಿ ಪ್ರತಿ ಸ್ಪ್ಯಾನರೂ ತೊಳೆದು, ಒರೆಸಿ, ಕುಂಕುಮ ಹಚ್ಚಿಸಿಕೊಂಡು ತನ್ನ ಜಾಗದಲ್ಲಿ ಕೂತಿರುತ್ತೆ. ಮಾಡಲು ಬರುತ್ತೆ, ಮಾಡುವುದಿಲ್ಲ ಅಷ್ಟೇ.

ಇನ್ಸರ್ಟ್ ಮಾತ್ರ ಟ್ರಾಲಿಗೆ ಬರಲು ಐದು ವಾರ ಹಿಡಿಯಿತು. ತಮ್ಮ ಕೀಲಿ ಬಿಡಲೊಲ್ಲರು. ಕಳ್ಳತನ ಆಗುತ್ತೆ ಅಂತ. ಇಲ್ಲಿ ನಾನು ಓದಿದ್ದು ಮೊದಲ ಸಲ ಕಣ್ಣೆದುರು ಕಂಡಿತು. ಸ್ಟ್ಯಾನ್‌ಫರ್ಡಿನ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಮುಂಬೈ ಸುತ್ತಲಿನ ಬಟ್ಟೆ ಗಿರಣಿಗಳಲ್ಲಿ ಒಂದು ಪ್ರಯೋಗ ಮಾಡಿದರು, 2013ರಲ್ಲಿ ಪ್ರಕಟವಾಯಿತು. ಕೆಲವು ಗಿರಣಿಗಳಿಗೆ ಐದು ತಿಂಗಳು ಪುಕ್ಕಟೆಯಾಗಿ ಕನ್ಸಲ್ಟೆಂಟ್‌ಗಳನ್ನು ಕೊಟ್ಟರು, ಕೆಲವಕ್ಕೆ ಒಂದು ತಿಂಗಳ ಪರಿಶೀಲನೆ ಮಾತ್ರ ಕೊಟ್ಟು ಹೋಲಿಸಿ ನೋಡಿದರು. ದಿನದ ಲೆಕ್ಕ ಇಡುವುದು, ದಾಸ್ತಾನು ಜೋಡಿಸುವುದು, ದೋಷ ಬರೆದಿಡುವುದು, ಇಂಥ ಸಾದಾ ಸಂಗತಿಗಳೇ. ಮೊದಲ ವರ್ಷದಲ್ಲೇ ಉತ್ಪಾದಕತೆ 17 ಪರ್ಸೆಂಟ್ ಏರಿತು. ಅದರಲ್ಲಿ ಇನ್ನೊಂದು ಮಾತಿದೆ, ನನಗೆ ಅದೇ ಜಾಸ್ತಿ ಇಷ್ಟ: ಕಂಪನಿ ಎಷ್ಟು ದೊಡ್ಡದಾಗುತ್ತೆ ಅನ್ನೋದಕ್ಕೂ ಆ ಮನೆಯಲ್ಲಿ ಎಷ್ಟು ಗಂಡಸರಿದ್ದಾರೆ ಅನ್ನೋದಕ್ಕೂ ಸಂಬಂಧ ಇತ್ತು. ಹೊರಗಿನವರನ್ನು ನಂಬುವುದಿಲ್ಲ, ಹಾಗಾಗಿ ಅಣ್ಣ ತಮ್ಮ ಮಗ ಎಷ್ಟು ಜನವೋ ಅಷ್ಟೇ ಬೆಳೆಯುತ್ತೆ.

ಇದನ್ನು ಯಜಮಾನರಿಗೆ ಹೇಳಿದಾಗ ನಗುತ್ತಾ, "ನಮ್ಮಪ್ಪನಿಗೆ ಇಬ್ಬರೇ ಗಂಡುಮಕ್ಕಳು, ಅದಕ್ಕೇ ಇಲ್ಲಿಗೇ ನಿಂತಿದೀವಿ" ಅಂದರು. ಆ ನಗುವಿನ ನಂತರವೇ ಒಂದು ದಾರಿ ಆಯಿತು. ಒಂದು ವಾರಕ್ಕೆ ಬೇಕಾದಷ್ಟು ಇನ್ಸರ್ಟ್ ಟ್ರೇಯಲ್ಲಿ ಕಾಕಾ ಹತ್ತಿರ, ಸಹಿ ಹಾಕಿ. ಮೊದಲ ತಿಂಗಳು ಲೆಕ್ಕದಲ್ಲಿ ಕಮ್ಮಿ ಬಿದ್ದದ್ದು ಎರಡು, ಅವೂ ಮುರಿದವು, ಚೂರು ಟ್ರೇಯಲ್ಲೇ ಇತ್ತು.

ಸೆಟ್ಟಿಂಗ್ 110ಕ್ಕೆ ಬಂತು, ಆಮೇಲೆ 85. ಅಲ್ಲಿ ನಿಂತುಬಿಟ್ಟಿತು. ಮೂರು ವಾರ 85, 90, 85. ಟ್ರಾಲಿ ತುಂಬಿರುತ್ತೆ, ಬೋಲ್ಟು ಆರೂ ಇರುತ್ತೆ, ಆದರೂ. ನನ್ನ ಡೈರಿಯಲ್ಲಿ ಆ ವಾರ 'ಬದಲಾವಣೆಗೆ ಪ್ರತಿರೋಧ' ಅಂತ ಬರೆದಿದ್ದೇನೆ. ಪುಸ್ತಕದಲ್ಲಿ ಅದಕ್ಕೆ ಒಂದು ಅಧ್ಯಾಯವೇ ಇದೆ, ಅದನ್ನೂ ಪಾಠ ಮಾಡಿದ್ದೇನೆ.

ಒಂದು ಸಂಜೆ ಕಾಕಾ ಚಹಾ ಅಂಗಡಿಯಲ್ಲಿ ಸಿಕ್ಕರು. ನಾನೇ ಕೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಗ್ಲಾಸು ತಿರುಗಿಸುತ್ತಾ ಕೂತರು. "ನೀವು ಟೈಮ್ ಬರ್ಕೊಂಡು ಹೋಗ್ತೀರಿ. ಸೆಟ್ಟಿಂಗ್ ಬ್ಯಾಗ ಮುಗದ್ರ ನನ್ನ ಓಟಿ ಯಾರ್ ಕೊಡ್ತಾರ್ರಿ? ಮಗಳ ಕಾಲೇಜ್ ಫೀ ಅದ್ರಾಗ ನಡೀತೈತ್ರಿ."

ಲೆಕ್ಕ ಸರಳ. ಸೆಟ್ಟಿಂಗ್ ತಡ ಆದಷ್ಟೂ ಶಿಫ್ಟ್ ಮುಗಿದ ಮೇಲೆ ನಿಲ್ಲಬೇಕು, ನಿಂತರೆ ಓಟಿ, ತಿಂಗಳಿಗೆ ಸುಮಾರು 5,000. ನಾನು ಉಳಿಸಿದ ಪ್ರತಿ ನಿಮಿಷವೂ ಅವರ ಜೇಬಿನಿಂದ ಹೋಗುತ್ತಿತ್ತು. ಅಷ್ಟು ಗೊತ್ತಿದ್ದೂ ಅವರು 85ರವರೆಗೆ ಬಂದಿದ್ದರಲ್ಲ, ಅದೇ ದೊಡ್ಡದು. ಅದಕ್ಕೆ ನಾನು ಇಟ್ಟ ಹೆಸರು ಪ್ರತಿರೋಧ. ಆ ಪುಟವನ್ನು ಹರಿದು ಹಾಕಬೇಕು ಅನಿಸಿತು. ಹರಿಯಲಿಲ್ಲ, ಗೈಡ್ ಷರತ್ತು ನೆನಪಾಯಿತು. ಕೆಳಗೆ ಕೆಂಪು ಪೆನ್ನಿನಲ್ಲಿ 5,000 ಅಂತ ಬರೆದೆ.

ಯಜಮಾನರ ಹತ್ತಿರ ಸೆಟ್ಟರ್ ಅಲೋವೆನ್ಸ್ ಕೊಡಿ ಅಂತ ಮಾತಾಡಿದೆ. ಬಡ್ಡಿ ಉಳಿಯಿತಲ್ಲ, ಅದರಲ್ಲಿ ಕೊಡಿ ಅಂದೆ. ಮೂರು ವಾರ ಚೌಕಾಸಿ. ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಅಂತ ತಮ್ಮನ ಮಾತು, ಅದೂ ಸುಳ್ಳಲ್ಲ. ಕೊನೆಗೆ ಇಬ್ಬರು ಸೆಟ್ಟರ್‌ಗಳಿಗೂ ತಿಂಗಳಿಗೆ 3,000. 5,000ಕ್ಕೆ 3,000 ಸಮ ಅಲ್ಲ, ಆದರೆ ಸಂಜೆ ಆರಕ್ಕೆ ಮನೆಗೆ ಹೋಗಬಹುದು. ಕಾಕಾ ಒಪ್ಪಿದರು, ಪೂರ್ತಿ ಖುಷಿಯಿಂದ ಅಲ್ಲ. ಮುಂದಿನ ತಿಂಗಳು ಸೆಟ್ಟಿಂಗ್ 58 ನಿಮಿಷ.

ರಿಜೆಕ್ಷನ್ ಕಥೆ ಚಿಕ್ಕದಾಗಿ ಹೇಳುತ್ತೇನೆ. ರಿಜಿಸ್ಟರಿನಲ್ಲಿ ಶಿಫ್ಟಿಗೆ 2 ಅಂತ ಇರುತ್ತಿತ್ತು, ಕೆಟ್ಟ ಪೀಸ್ ಹಾಕುವ ಕೆಂಪು ಡಬ್ಬಿಯಲ್ಲಿ ಎಣಿಸಿದರೆ 19. ಐದು ದಾಟಿದರೆ ಬೈಗುಳ ಅಂತ ಗೊತ್ತಿರುವವರು 2 ಬರೆಯದೆ ಇನ್ನೇನು ಬರೆಯುತ್ತಾರೆ? ಮತ್ತೆ ನನ್ನ 4ರ ಕಥೆಯೇ. ನಾನು ಚೆಂದದ ಕನ್ನಡದಲ್ಲಿ ಒಂದು ಫಾರಂ ಮಾಡಿಕೊಟ್ಟೆ. ಒಂದು ವಾರ ಖಾಲಿ. ಆಪರೇಟರ್ ಹುಡುಗರಲ್ಲಿ ಮುಕ್ಕಾಲು ಪಾಲು ಬಿಹಾರ, ಒಡಿಶಾದವರು, ಅವರಿಗೆ ಕನ್ನಡ ಓದಲು ಬರುವುದಿಲ್ಲ. ಪೀಣ್ಯದಲ್ಲಿ ನಾಲ್ಕು ತಿಂಗಳು ಕಳೆದವಳಿಗೆ ಅದು ಹೊಳೆದಿರಲಿಲ್ಲ! ಆಮೇಲೆ ಬೋರ್ಡಿನ ಮೇಲೆ ನಿಜವಾದ ಕೆಟ್ಟ ಪೀಸ್‌ಗಳನ್ನೇ ತಂತಿಯಲ್ಲಿ ತೂಗುಹಾಕಿದೆವು. ಡೆಂಟ್ ಆದದ್ದು ಒಂದು, ಓವರ್‌ಸೈಜ್ ಒಂದು, ಬರ್ ಉಳಿದದ್ದು ಒಂದು. ಅದರ ಕೆಳಗೆ ಸೀಮೆಸುಣ್ಣದ ಗೀಟು. ಒಂದು ತಿಂಗಳು ಗೀಟಿಗಾಗಿ ಯಾರೂ ಯಾರನ್ನೂ ಬೈಯಬಾರದು ಅಂತ ಒಪ್ಪಂದ. ಒಂಬತ್ತನೇ ದಿನ ತಮ್ಮ ಬೋರ್ಡ್ ಮುಂದೆ ನಿಂತು ಕೂಗಾಡಿದರು. ಹತ್ತನೇ ದಿನ ಬೋರ್ಡಿನಲ್ಲಿ ಎರಡೇ ಗೀಟು. ಮತ್ತೆ ನಿಜವಾದ ಗೀಟು ಬೀಳಲು ಮೂರು ವಾರ ಬೇಕಾಯಿತು. ಬಿದ್ದ ಮೇಲೆ ಗೊತ್ತಾಯಿತು, ಓವರ್‌ಸೈಜ್ ಜಾಸ್ತಿ ಬರುವುದು ಬೆಳಿಗ್ಗೆ ಮೊದಲ ಗಂಟೆಯಲ್ಲಿ, ಮಷಿನ್ ತಣ್ಣಗಿರುವಾಗ. ಹುಡುಗರಿಗೆ ಇದು ಮೊದಲೇ ಗೊತ್ತಿತ್ತು. ಯಾರೂ ಕೇಳಿರಲಿಲ್ಲ. ಈಗ ಬೆಳಿಗ್ಗೆ ಹದಿನೈದು ನಿಮಿಷ ಖಾಲಿ ಓಡಿಸುತ್ತಾರೆ.

ಏಳು ತಿಂಗಳ ಕೊನೆಗೆ ಮತ್ತೆ ಎಣಿಸಿದೆವು. 2,600 ಪೀಸ್. ಏಳೂವರೆ ದಿನ. ಡಿಸ್ಪ್ಯಾಚ್ ಪೂರ್ತಿ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಪ್ಲೇಟಿಂಗಿಗೆ ಹೊರಗೆ ಕಳಿಸುತ್ತಾರೆ, ಅಲ್ಲಿ ಏನು ನಡೆಯುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಆದರೆ ಮೆಟ್ಟಿಲ ಕೆಳಗೆ ಜಾಗ ಆಯಿತು, ಅಲ್ಲಿ ಹುಡುಗರು ಸೈಕಲ್ ನಿಲ್ಲಿಸಲು ಶುರು ಮಾಡಿದರು.

ಇನ್ನು ನಮ್ಮ ಕಡೆಯ ಕಥೆ. ಪೇಪರ್ ಬರೆದು ಕಳಿಸಿದೆ. ಮೊದಲ ಜರ್ನಲ್ ಎಂಟು ತಿಂಗಳು ಇಟ್ಟುಕೊಂಡು, ಸಿದ್ಧಾಂತಕ್ಕೆ ಕೊಡುಗೆ ಸ್ಪಷ್ಟವಾಗಿಲ್ಲ ಅಂತ ವಾಪಸ್ ಕಳಿಸಿತು. ಒಬ್ಬ ರಿವ್ಯೂಯರ್, ಬೋಲ್ಟಿನ ಪ್ರಸಂಗ ಚೆನ್ನಾಗಿದೆ, ಆದರೆ ಅಗತ್ಯವಿಲ್ಲ, ತೆಗೆಯಬಹುದು ಅಂದಿದ್ದರು. ಓಟಿ ವಿಷಯವನ್ನು 'ಪ್ರೋತ್ಸಾಹಕಗಳ ಅಸಮಂಜಸತೆ' ಅಂತ ಬದಲಾಯಿಸಲು ಸಲಹೆ. ಬದಲಾಯಿಸಿದೆ, ಏನು ಮಾಡಲಿ, ಪೇಪರ್ ಬೇಕಿತ್ತು. ಎರಡನೇ ಜರ್ನಲ್ ತೆಗೆದುಕೊಂಡಿತು. ಈ ದೂರು ಹೊಸದೇನಲ್ಲ. ಡೊನಾಲ್ಡ್ ಹ್ಯಾಂಬ್ರಿಕ್ 1993ರಲ್ಲೇ ಅಮೆರಿಕದ ಅಕಾಡೆಮಿ ಆಫ್ ಮ್ಯಾನೇಜ್‌ಮೆಂಟ್ ಅಧ್ಯಕ್ಷರಾಗಿ ನಿಂತು, ನಾವು ವರ್ಷಾ ವರ್ಷಾ ಸೇರಿ ನಮ್ಮ ನಮ್ಮಲ್ಲೇ ಮಾತಾಡಿಕೊಂಡು ಎದ್ದು ಹೋಗುತ್ತೇವೆ ಅನ್ನುವ ಅರ್ಥದ ಮಾತು ಹೇಳಿದ್ದರು. ಆ ಭಾಷಣವನ್ನೂ ನಾವು ನಮ್ಮ ನಮ್ಮಲ್ಲೇ ಓದಿಕೊಳ್ಳುತ್ತೇವೆ.

ಪೇಪರ್ ಬಂದದ್ದನ್ನು ಯಜಮಾನರಿಗೆ ಹೇಳಿದೆ. ಖುಷಿಪಟ್ಟು ಲಿಂಕ್ ಕಳಿಸಿ ಅಂದರು. ಸಂಜೆ ಫೋನ್ ಬಂತು. "ಮೇಡಂ, ಓದೋಕೆ ಡಾಲರ್ ಕೇಳ್ತಿದೆ. ನಮ್ಮ ಫ್ಯಾಕ್ಟರಿ ಬಗ್ಗೆ ಓದೋಕೆ ನಾವೇ ದುಡ್ಡು ಕೊಡ್ಬೇಕಾ?" ಪಿಡಿಎಫ್ ಕಳಿಸಿದೆ. ಎರಡು ದಿನ ಬಿಟ್ಟು ಕೇಳಿದರೆ, ಎರಡನೇ ಪುಟದಲ್ಲಿ ನಿಂತಿದ್ದೇನೆ ಅಂದರು. ಆವತ್ತು ಕೂತು ಎರಡು ಪುಟದಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. 160ರ ಬಿಡಿಲೆಕ್ಕ, ದೋಸೆ ಲೆಕ್ಕ, ಬಡ್ಡಿ ಲೆಕ್ಕ, ಓಟಿ ಲೆಕ್ಕ. ಅಷ್ಟೇ. ಅದು ವಾಟ್ಸಾಪಿನಲ್ಲಿ ಎಲ್ಲೆಲ್ಲಿಗೆ ಹೋಯಿತೋ ಗೊತ್ತಿಲ್ಲ, ಆಮೇಲೆ ಪರಿಚಯ ಇಲ್ಲದ ಐದಾರು ಯೂನಿಟ್‌ನವರು ಫೋನ್ ಮಾಡಿದರು. ಕಾಲೇಜಿನ ಅಪ್ರೈಸಲ್ ಫಾರಂನಲ್ಲಿ ಅದನ್ನು ತುಂಬಲು ಕಾಲಂ ಇಲ್ಲ. 'ಇತರೆ' ಅಂತ ಒಂದಿದೆ, ಅಲ್ಲಿ ಹಾಕಿದೆ, ಅಂಕ ಸೊನ್ನೆ.

ವೈವಾ ಮುಗಿದು, ಒಟ್ಟು 14 ತಿಂಗಳ ನಂತರ ಮತ್ತೆ ಆ ಯೂನಿಟ್ಟಿಗೆ ಹೋದೆ. ಹೋಗುವ ಮುಂಚೆ ಒಂದು ಭಯ ಇತ್ತು. ಬ್ಲೂಮ್ ತಂಡದವರು ಆ ಗಿರಣಿಗಳಿಗೆ 2017ರಲ್ಲಿ ವಾಪಸ್ ಹೋಗಿ ನೋಡಿದಾಗ, ಕಲಿಸಿದ ಪದ್ಧತಿಗಳಲ್ಲಿ ಸುಮಾರು ಅರ್ಧ ಬಿದ್ದುಹೋಗಿದ್ದವು. ಮ್ಯಾನೇಜರ್ ಬದಲಾದದ್ದು, ಯಜಮಾನರಿಗೆ ಪುರುಸೊತ್ತಿಲ್ಲದ್ದು ಮುಖ್ಯ ಕಾರಣ. ಆದರೂ ಹೋಲಿಕೆಗೆ ಇಟ್ಟಿದ್ದ ಗಿರಣಿಗಳಿಗಿಂತ ಮುಂದೇ ಇದ್ದವು.

ಇಲ್ಲೂ ಹಾಗೇ. ಕ್ಯೂಸಿ ಹುಡುಗಿ ಮದುವೆಯಾಗಿ ಹಾಸನಕ್ಕೆ ಹೋಗಿದ್ದಾಳೆ. ರಿಜೆಕ್ಷನ್ ಬೋರ್ಡಿನ ಮೇಲೆ ಬ್ಯಾಂಕಿನ ಕ್ಯಾಲೆಂಡರ್ ನೇತಾಡುತ್ತಿತ್ತು, ಎತ್ತಿ ನೋಡಿದರೆ ಕೆಳಗೆ ಓವರ್‌ಸೈಜ್ ಪೀಸು ಹಾಗೇ ತುಕ್ಕು ಹಿಡಿದು ತೂಗುತ್ತಿದೆ. ಲಾಟ್ ಮತ್ತೆ 900ಕ್ಕೆ ಏರಿದೆ. ಸ್ಟೋರ್ಸ್ ಕೀಲಿ ತಮ್ಮನ ಜೇಬಿಗೆ ವಾಪಸ್, ಆದರೆ ವಾರದ ಟ್ರೇ ಮಾತ್ರ ನಡೆಯುತ್ತಿದೆ. ಟ್ರಾಲಿ ಒಂದಿದ್ದದ್ದು ಮೂರಾಗಿವೆ.

ಕಾಕಾ ಒಂದು ಮಷಿನ್ ಕಟ್ಟುತ್ತಿದ್ದರು. ಮಗಳು ಡಿಪ್ಲೊಮಾ ಮುಗಿಸಿದಳು ಅಂದರು. ಟ್ರಾಲಿಯ ಮೇಲಿನ ತಟ್ಟೆಯಲ್ಲಿ ಮೂರು ಜಾ, ಒಂದರ ತೂತಿಗೆ ಪೋಣಿಸಿದ ಜಿಐ ತಂತಿ. ಆ ತಂತಿ ನನ್ನ ಐಡಿಯಾ ಅಲ್ಲ, ಯಾವ ಪುಸ್ತಕದಲ್ಲೂ ಇಲ್ಲ, ಅವರೇ ಮಾಡಿಕೊಂಡದ್ದು. ಅದರಲ್ಲಿ ಬೋಲ್ಟು, ಬೀಗದ ಕೈ ಗೊಂಚಲಿನ ಹಾಗೆ. ನಾನು ಸುಮ್ನೆ ಎಣಿಸಿದೆ. ಆರೂ ಇದ್ದವು.